ಕರಿ ಕೆರೆಯುವಾಗ

ಮೇ ತಿಂಗಳು. ಕೆಮಿಯ ಕೊಲ್ಲಿಯಲ್ಲಿ ಮಂಜುಗಡ್ಡೆ
ಹೋಗಲೋ ಬೇಡವೋ ಎಂದು ದಡ ಹಿಡಿದು ಕೂತಿದೆ.
ಷೆಡ್ಡಿನ ನೆಲಕ್ಕೆ ರಟ್ಟು ಹಾಸಿ, ರಟ್ಟಿಗೆ ಬೆನ್ನು ಹಾಸಿ
ಹಳೇ ಸಾಬ್ ಕಾರಿನ ಹೊಟ್ಟೆಯಡಿ ಮಲಗಿದ್ದೇನೆ,
ಒಂದು ಕೈಲಿ ಬಿಸಿಗಾಳಿ ಉಗುಳುವ ಗನ್ನು,
ಇನ್ನೊಂದರಲ್ಲಿ ಮೊಂಡಾದ ಉಳಿ.

ರಸ್ತೆಗೆ ಉಪ್ಪು ಸುರಿಯುವ ಸೀಮೆ ಇದು.
ಉಪ್ಪು ತಿಂದ ತಗಡು ನೀರು ಕುಡಿಯಲೇಬೇಕು,
ಅದಕ್ಕೇ ಐಮೋ ಪ್ರತಿ ಸೆಪ್ಟೆಂಬರಿನಲ್ಲಿ
ಬಕೆಟ್ಟಿನ ಡಾಂಬರು ಕಾಸಿ ಬಳಿದ. ಒಣಗಿದ ಮೇಲೆ
ಅದರ ಮೇಲೆ ಇನ್ನೊಂದು ಸೆಪ್ಟೆಂಬರು.
ಈಗ ಐಮೋ ಇಲ್ಲ. ಕಾರನ್ನು ಅವನ ಹೆಂಡತಿ ಹಿಲ್ಯಾ
ನನಗೆ ಮಾರಿದಳು, ಎರಡು ಚೀಲ ಆಲೂಗಡ್ಡೆ ಸೇರಿಸಿ.

ಈ ಕರಿಗೆ ಬಿಸಿ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಹಟ.
ಹದ ಸಿಕ್ಕಿದರೆ ಮಾತ್ರ
ಅಂಟುಬೆಲ್ಲದ ಹಾಗೆ ಸುರುಳಿ ಸುತ್ತಿ ಬರುತ್ತದೆ.
ಬಂದು ಬೀಳುವುದೆಲ್ಲಿ? ಕೊರಳ ಸಂದಿಗೆ, ತೋಳಿನೊಳಕ್ಕೆ,
ಕನ್ನಡಕದ ಅಂಚಿಗೆ.
ಪದರದಲ್ಲಿ ಮರಳು, ಬ್ರಷ್ಷಿನ ಕೂದಲು,
ಒಂದು ಕಡೆ ಬರ್ಚ್ ಎಲೆ, ನರ ನರವೂ ಎದ್ದು ಕಾಣುವಂತೆ,
ಎಷ್ಟನೇ ಇಸವಿಯದೋ.
ಎಲ್ಲಕ್ಕೂ ಅಡಿಯಲ್ಲಿ ಕಾರ್ಖಾನೆಯ ಹಸಿರು.
ಮೇಲೆಲ್ಲ ಕೆಂಪು ಬಳಿಸಿಕೊಂಡ ಕಾರು
ಹೊಟ್ಟೆಯಲ್ಲಿ ತನ್ನ ಹುಟ್ಟುಬಣ್ಣ ಇಟ್ಟುಕೊಂಡಿತ್ತು.

ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದೆ.
ಟಣ್. ಟಣ್. ಟಣ್.
ಡ್ರೈವರ್ ಸೀಟಿನ ಕೆಳಗೆ: ದಪ್.
ಅಲ್ಲಿ ಕರಿ ಹೆಬ್ಬೆರಳ ದಪ್ಪ. ಅರ್ಧ ದಿನ ಹಿಡಿಯಿತು.
ಕೊನೆಗೆ ಹನ್ನೊಂದು ರಿವೆಟ್ಟು, ನಡುವೆ
ತಟ್ಟಿ ಚಪ್ಪಟೆ ಮಾಡಿದ ಡಬ್ಬಿ,
ಡಬ್ಬಿಯ ಮೇಲೆ ಗುಲಾಬಿ. ಒಂದು ಎಸಳೂ ಮಾಸಿಲ್ಲ.

ಕಾಫಿ ತಂದ ಹಿಲ್ಯಾ, ನೋಡೇಬಿಡುತ್ತೇನೆಂದು
ಎಂಬತ್ತೊಂದರ ಮಂಡಿ ಊರಿ ಬಗ್ಗಿದಳು.
ಬಹಳ ಹೊತ್ತು ಟಾರ್ಚು ಅಲ್ಲಾಡಲಿಲ್ಲ.
"ಇದು ನಮ್ಮಮ್ಮನ ಡಬ್ಬಿ.
ಎಂಬತ್ತಮೂರರ ಚಳಿಗಾಲ ಕಾಣೆಯಾಯಿತು.
ಹಬ್ಬಕ್ಕೆ ಬಂದಿದ್ದ ಅವನ ತಂಗಿ ರೌಹಾಳಿಗೆ
ನಿನ್ನ ಚೀಲ ತೋರಿಸು ಅಂದೆ. ತೋರಿಸಿದಳು.
ಆಮೇಲೆ ಬರಲಿಲ್ಲ. ಸಾಯುವಾಗಲೂ ಕರೆಯಲಿಲ್ಲ."
"ಐಮೋ?"
"ಇದ್ದ. ಅಲ್ಲೇ ಇದ್ದ. ಒಲೆಗೆ ಸೌದೆ ಒಟ್ಟುತ್ತಿದ್ದ."

ಕಾಫಿ ಆರಿತು. ಬಿಸಿ ಬಿಟ್ಟ ಕರಿ
ಉಳಿಯ ಬಾಯಲ್ಲಿ ಮತ್ತೆ ಗಟ್ಟಿಯಾಯಿತು.
ಬಿದ್ದ ಹೋಳೊಂದನ್ನು ಎತ್ತಿ, ರಸ್ಕಿನಂತೆ ಮುರಿದು,
ಅಂಚಿನ ಗೆರೆಗಳನ್ನು ಬೆಳಕಿಗೆ ಹಿಡಿದು ಕೇಳಿದಳು:
"ಎಷ್ಟು ಸಲ ಬಳಿದಿದ್ದಾನೆ ಇದರ ಮೇಲೆ?"

ಎಣಿಸಲಿಲ್ಲ ಅಂದೆ.

ಇಪ್ಪತ್ತೆರಡು.