ಬಾಕಿ

ಮಂಗಳವಾರ ಹತ್ತಕ್ಕೆ, ಅಘನಾಶಿನಿಯ ದಕ್ಕೆಯಲ್ಲಿ ಸಂಘದ ಸಭೆ.
ಹತ್ತೆಂದರೆ ಹತ್ತು. ಫೋನಿನಲ್ಲಿ ಜಾಗದ ಗುರುತು ಬೀಳಬೇಕು,
ನಾನಿಲ್ಲಿ ನಿಂತಿದ್ದೇನೆಂದು ಹುಬ್ಬಳ್ಳಿಗೆ ತಿಳಿಯಬೇಕು.
ಹುಬ್ಬಳ್ಳಿಗೆ ತಿಳಿಯದ್ದು ಒಂದೇ:
ಇವತ್ತು ಇಳಿತವೂ ಹತ್ತಕ್ಕೇ.

ಚಾಪೆಯ ಮೇಲೆ ಹನ್ನೊಂದು ಪಾಸ್‌ಬುಕ್ಕು,
ಗಾಳಿಗೆ ಹಾರದಂತೆ ಒಂದೊಂದಕ್ಕೂ ಕಲ್ಲು.
ಹೆಂಗಸರೆಲ್ಲ ಸೊಂಟದವರೆಗೆ ಹೊಳೆಯೊಳಗೆ,
ಕಾಲ್ಬೆರಳಲ್ಲಿ ಬಳಚು ಹುಡುಕುತ್ತ.
ಬೆನ್ನಷ್ಟೇ ನನ್ನ ಕಡೆಗೆ.

‘ಫೈನಾನ್ಸ್ ಮಾಣಿ ಬಂದ’ ಎಂದು ಕೂಗುವ ಮಗುವಿಗೆ ನಾಲ್ಕು ವರ್ಷ.
ನಾನು ಈ ಕೆಲಸಕ್ಕೆ ಸೇರಿದಾಗ ಅದು ಹುಟ್ಟಿರಲಿಲ್ಲ.
ಮೂವತ್ತಾರರ ಮಾಣಿ ನಾನು.
ಬೈಕಿನ ಸ್ಟ್ಯಾಂಡ್ ಹಾಕುವ ಸದ್ದಿಗೇ
ಬಾಗಿಲು ಮುಚ್ಚುವುದನ್ನು ಕೇಳಿದ್ದೀರಾ?
ಮೆಲ್ಲಗೆ ಮುಚ್ಚುತ್ತಾರೆ,
ನನಗೆ ಬೇಜಾರಾಗಬಾರದೆಂಬಂತೆ.

ಕಂತು ತಪ್ಪಿದವರ ಮನೆ ಮುಂದೆ ಕೂತು ಬಾ ಎನ್ನುತ್ತಾರೆ ಮ್ಯಾನೇಜರು.
ಕೂತಿದ್ದೇನೆ. ಮಿರ್ಜಾನಿನ ಒಂದು ಜಗಲಿಯಲ್ಲಿ
ಕತ್ತಲಾಗುವವರೆಗೆ ಕೂತೆ; ಒಳಗಿಂದ ಊಟಕ್ಕೆ ಕರೆದರು.
ತಾರಲೆ ಮೀನಿನ ಸಾರು. ಉಂಡೆ.
ಉಂಡದ್ದನ್ನು ಬರೆಯಲು ವರದಿಯಲ್ಲಿ ಕಾಲಂ ಇರಲಿಲ್ಲ.

ಕುಮಟೆಯ ಬಸ್‌ಸ್ಟ್ಯಾಂಡ್ ಕ್ಯಾಂಟೀನಿನಲ್ಲಿ ಬಿಲ್ಲಿನ ಬೆನ್ನಿಗೆ
ರಾಜೀನಾಮೆ ಎಂದು ಬರೆದು ನೋಡುತ್ತಿದ್ದೆ.
ಚಹಾದ ಲೋಟ ಅದರ ಮೇಲೆ ಉಂಗುರ ಒತ್ತುತ್ತಿತ್ತು.
ಬೈಕಿನ ಕಂತು ಹತ್ತೊಂಬತ್ತು ಬಾಕಿ.
ಹೌದು, ನಾನೂ ಸಾಲಗಾರನೇ.

ಎಲ್ಲರಿಗಿಂತ ಕೊನೆಗೆ ಮೇಲೆ ಬಂದವಳು ಬೀರಮ್ಮ ಅಂಬಿಗ.
ಬುಟ್ಟಿ ಇಳಿಸಿ, ಸೆರಗಿನ ಗಂಟು ಬಿಚ್ಚಿ
ಆರುನೂರ ನಲವತ್ತು ಎಣಿಸಿದಳು. ಒದ್ದೆ ನೋಟು, ಉಪ್ಪುಪ್ಪು.
‘ಹನ್ನೊಂದೂವರೆಯಾಯ್ತು’ ಎಂದೆ. ಹೇಳಬಾರದಿತ್ತು.
‘ಹೋಯ್, ನೀರು ಇಳಿಯೂವರೆಗೆ ನಾವು ಕಾಯೂದು.
ಇಳಿದ್ಮೇಲೆ ಅದು ಯಾರಿಗೂ ಕಾಯೂದಿಲ್ಲ.’
ನನಗೆಂದು ಹೇಳಿದ್ದಲ್ಲ ಅದು,
ತಡವಾದದ್ದಕ್ಕೆ ಕಾರಣ ಕೊಟ್ಟಳು, ಅಷ್ಟೆ.
ರಶೀದಿ ಹರಿದುಕೊಟ್ಟೆ.

ಆಗಲೇ ಅವಳ ಮೈದುನನ ದೋಣಿಯ ಎಂಜಿನ್
ಕೆಮ್ಮಿ ಕೆಮ್ಮಿ ನಿಂತದ್ದು.
ಆ ಕೆಮ್ಮು ನನಗೆ ಗೊತ್ತು. ತದಡಿಯಲ್ಲಿ ಇನಾಸ ಬಾಬನ ಶೆಡ್ಡಿನಲ್ಲಿ
ಮೂರು ವರ್ಷ ಅದನ್ನೇ ಕೇಳಿದವನು,
ಸಂಬಳ, ಪಿಎಫ್, ಕಾಲರಿನ ಅಂಗಿ ಎಂದು ಬಿಟ್ಟು ಬಂದವನು.
ಪ್ಯಾಂಟು ಮಡಿಚಿ ಇಳಿದೆ. ಪ್ಲಗ್ ಬಿಚ್ಚಿ
ಕಂಪನಿಯ ಅಂಗಿಯ ಅಂಚಿನಿಂದಲೇ ಮಸಿ ಒರೆಸಿದೆ.
ಹಗ್ಗದ ಮೂರನೇ ಎಳೆತಕ್ಕೆ ಅದು ಮಾತಾಡಿತು.
ಜೇಬಿನಲ್ಲಿ ಹುಬ್ಬಳ್ಳಿ ಕೂಗಿತು: ‘ಎಲ್ಲಿದ್ದೀಯಪ್ಪಾ?
ಗುರುತು ಹೊಳೆ ನಡುವೆ ತೋರಿಸ್ತಿದೆ!’
‘ನೀರಲ್ಲಿದ್ದೇನೆ ಸರ್’ ಎಂದೆ.

ಅಂದೇ ಬಿಟ್ಟೆನೆಂದರೆ ಕತೆಯಾಗುತ್ತಿತ್ತು.
ಬಿಟ್ಟದ್ದು ಮೂರು ತಿಂಗಳ ಮೇಲೆ,
ಬೋನಸ್ಸು ಕೈಗೆ ಬಂದ ಮರುದಿನ.
ಮನೆಯಲ್ಲಿ ಹೇಳಲಿಲ್ಲ. ಅದೇ ನೀಲಿ ಅಂಗಿ, ಅದೇ ಬ್ಯಾಗು,
ಟಿಫಿನ್ ಹಿಡಿದು ಇನಾಸ ಬಾಬನ ಶೆಡ್ಡಿಗೆ.
ಮುದುಕ ನನ್ನ ಮುಖ ನೋಡಲಿಲ್ಲ, ಕೈ ನೋಡಿದ;
‘ಮೆತ್ತಗಾಗಿದೆ’ ಎಂದು ಒಂದು ಗೇರ್‌ಬಾಕ್ಸ್ ತಳ್ಳಿದ.
ಹನ್ನೆರಡನೇ ದಿನ ಪ್ರಮೀಳಾ ಬಟ್ಟೆ ಒಗೆಯುವ ಕಲ್ಲಿನಿಂದಲೇ ಕೇಳಿದಳು:
‘ಫೈನಾನ್ಸಿನವರು ಈಗ ಗ್ರೀಸನ್ನೂ ಸಾಲ ಕೊಡ್ತಾರಾ?’
ಎರಡು ದಿನ ಮಾತಿಲ್ಲ. ಮೂರನೇ ದಿನ
ಹಳೆಯ ಖಾಕಿ ಪ್ಯಾಂಟಿಗೆ ಗುಂಡಿ ಹಚ್ಚಿಟ್ಟಿದ್ದಳು.

ಮೊದಲ ತಿಂಗಳು ಗಿಟ್ಟಿದ್ದು ಸಂಬಳದ ಅರ್ಧ.
ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಆಗೇನು, ಗೊತ್ತಿಲ್ಲ.
ರಾತ್ರಿ ನಿದ್ದೆ ಬರುತ್ತದೆ. ಭುಜ ನೋಯುತ್ತದೆ.

ಮೊನ್ನೆ ಒಬ್ಬ ಹುಡುಗ ಬಂದ, ನನ್ನ ಬೈಕಿನ ಕಂತಿಗೆ.
ಬೇರೆ ಕಂಪನಿ, ಅದೇ ಬ್ಯಾಗು.
ಸ್ಟ್ಯಾಂಡ್ ಹಾಕಿದ ಸದ್ದು ಕೇಳಿತು.
ಶೆಡ್ಡಿಗೆ ಬಾಗಿಲೇ ಇಲ್ಲ.
‘ಶನಿವಾರ’ ಎಂದೆ. ಬರೆದುಕೊಂಡ. ಹೊರಡಲಿಲ್ಲ.
ಎಣ್ಣೆ ಡಬ್ಬಿಯ ಮೇಲೆ ಕೂತು,
ಬಿಚ್ಚಿಟ್ಟ ಎಂಜಿನ್ನನ್ನೇ ನೋಡುತ್ತಿದ್ದ.
ಹನ್ನೆರಡರ ಪಾನೆ ಕೊಡು ಮಾರಾಯ ಎಂದೆ.
ಹದಿನಾಲ್ಕರದ್ದು ಕೊಟ್ಟ.