ಉತ್ತರದ ಮನೆ

ನಮ್ಮ ಹಡಗಿನಲ್ಲಿ ದಿಕ್ಕುಗಳಿಲ್ಲ,
ಉತ್ತರ ಮಾತ್ರ ಇದೆ:
ಮೂರನೆಯ ಸುತ್ತಿನ ಕೊನೆಗೆ, ನೀರಿನ ತೊಟ್ಟಿಯ ಬೆನ್ನಿಗೆ
ಅಂಟಿಕೊಂಡ ಒಂದು ಕೋಣೆ. ಅಲ್ಲಿ ನಾನು ಗುಮಾಸ್ತೆ.
ನನಗೀಗ ಆರನೆಯ ಪೊರೆ.

ಪೊರೆ ಕಳಚಿದರೆ ನಮ್ಮಲ್ಲಿ ಮದುವೆ ಮುಗಿಯಿತು.
ಇಬ್ಬರೂ ಹಳೆಯ ಚರ್ಮ ಮಡಚಿ
ಪಂಚಾಯಿತಿಗೆ ಒಪ್ಪಿಸಿ, ಬೇಕೆನಿಸಿದರೆ
ಹೊಸ ಬೆರಳುಗಳಲ್ಲಿ ಮತ್ತೆ ಕೈಹಿಡಿಯಬೇಕು.
ತ್ಸೋವೆ ನಾಲ್ಕು ಸಲ ಹಿಡಿದ. ಐದನೆಯ ಸಲ
ಎಂಟು ದಿನ ಯೋಚಿಸಿದ.
ಆ ಎಂಟು ದಿನ ಯಾವ ಚರ್ಮದ ಜೊತೆಗೂ ಹೋಗಿಲ್ಲ.

ಸಾಲ ಹೋಗುತ್ತದೆ, ಹೆಸರು ಹೋಗುತ್ತದೆ,
ಕೊಲೆಯೊಂದು ಬಿಟ್ಟು ಉಳಿದ ತಪ್ಪೆಲ್ಲ ಸುಲಿದು ಹೋಗುತ್ತದೆ.
ಹೋಗದಿರುವುದು ಜಗಳ.
ಜಗಳಕ್ಕೆ ಪೊರೆಯಿಲ್ಲ, ಅದೇ ನಮ್ಮನ್ನು ಪೊರೆಯುವುದು
ಎಂದೊಂದು ಗಾದೆ. ಗುಮಾಸ್ತರೇ ಕಟ್ಟಿದ್ದು.

ಹಿರಾಕ್ಲು ಹಡಗು ನಮ್ಮಿಂದ ಬೇರೆಯಾದ ಮೇಲೆ
ಆಚೆಯಿಂದ ಬಂದ ಮೊದಲ ಬೆಳಕಿನ ಓಲೆ:
"ನಮ್ಮಜ್ಜಿಯ ನೀಲಿ ಬಟ್ಟಲು ನಿಮ್ಮ ಕಡೆ ಬಂದಿದೆ. ಕೊಡಿ."
ಅದು ಇಲ್ಲಿಗೆ ಮುಟ್ಟುವಷ್ಟರಲ್ಲಿ ಕೇಳಿದವಳು ಇರಲಿಲ್ಲ,
ಕೇಳಿಸಿಕೊಳ್ಳಬೇಕಾದವಳೂ.
ಕುರ್ಚಿಯಲ್ಲಿದ್ದವರು ಬರೆದರು: "ತಂದಿಲ್ಲ."
ಆಮೇಲೆ ಬಂದವನೊಬ್ಬ ತಲೆಹರಟೆ: "ತಂದಿದ್ದೆವು, ಒಡೆಯಿತು."
ಅವನ ನಂತರ ನೂಷಿ. ತಿರುಗಣೆ ಕೆಟ್ಟು ತೂಕವೇ ಇಲ್ಲದ
ವರ್ಷಗಳಲ್ಲಿ ಹುಟ್ಟಿದವಳು, ಚೀಪಿ ಕುಡಿದು ಬೆಳೆದವಳು.
ನಿಜವಾಗಿಯೂ ತಿಳಿಯದೆ ಕೇಳಿದಳು:
"ಬಟ್ಟಲು ಎಂದರೇನು?"

ಅದಕ್ಕೆ ಆಚೆಯಿಂದ ನಲವತ್ತು ಹಾಳೆ ಬಂತು.
ಅಂಚಿನ ಬಿರುಕಿನ ಚಿತ್ರ, ತಳದ ಮಸಿ,
ಕೊನೆಯ ಗುಟುಕು ಗಂಜಿಯನ್ನು ಅಜ್ಜಿ ಮೂರನೆಯ ಬೆರಳಿನಿಂದ
ಬಳಿಯುವಾಗ ಆಗುತ್ತಿದ್ದ ಸದ್ದು.
ನಮ್ಮ ಮಕ್ಕಳು ಅಕ್ಷರ ತಿದ್ದುವುದು ಈಗ ಅದರ ಮೇಲೆ.

ಹೋದ ಸುತ್ತಿನಲ್ಲಿ ತೊಟ್ಟಿ ತೊಳೆಸುವಾಗ
ಕೊಳವೆಯ ಸಂದಿಯಲ್ಲಿ ಸಿಕ್ಕಿತು.
ನೀಲಿ, ಆದರೆ ಅವರು ಬರೆದಷ್ಟು ನೀಲಿಯಲ್ಲ.
ತ್ಸೋವೆ ಅಂಚಿನ ಮೇಲೆ ಬೆರಳೆಳೆದು, ಕಿವಿಗೊಟ್ಟು,
"ಸದ್ದು ಸರಿಯಾಗಿಯೇ ಬರೆದಿದ್ದಾರೆ" ಅಂದ.

ಆ ದೂರಕ್ಕೆ ಬೆಳಕು ಹೋಗುತ್ತದೆ, ಬಟ್ಟಲು ಹೋಗುವುದಿಲ್ಲ.
"ಸಿಕ್ಕಿತು, ತಪ್ಪಾಯಿತು" ಎಂದಾದರೂ ಬರೆಯಬಹುದಿತ್ತು.
ಆದರೆ ವ್ಯಾಜ್ಯ ತೀರಿದ ದಿನವೇ
ದೀಪದ ಮುಖ ಬೇರೆ ಕಡೆ ತಿರುಗಿಸಬೇಕೆಂದು ಕಾನೂನು.
ಇರುವುದೊಂದೇ ದೀಪ,
ಸರದಿಯಲ್ಲಿ ಮುನ್ನೂರು ಜಗಳಗಳು ಕಾಯುತ್ತಿವೆ.

ಇವತ್ತು ನನ್ನ ಪಾಳಿ. ಬಟ್ಟಲು ಮೇಜಿನ ಮೇಲಿದೆ,
ಅರ್ಧ ಕುಡಿದದ್ದು. ಬರೆದೆ:
"ನಿಮ್ಮ ಬಟ್ಟಲು ನಮ್ಮಲ್ಲಿಲ್ಲ.
ಇದ್ದರೂ ಕೊಡುವುದಿಲ್ಲ.
ಅಂದಹಾಗೆ, ನಿಮ್ಮಜ್ಜಿ ಗಂಜಿಗೆ ಉಪ್ಪು ಹಾಕುತ್ತಿದ್ದರೆ, ಇಲ್ಲವೆ?
ಬೇಗ ತಿಳಿಸಿ.
ಆರುತ್ತಿದೆ."