ಕರ್ಣಾ

ಮಂಗಳವಾರ ಪೇಟೆಯ ಮೋಡಕಾ ಸಾಮಾನಿನ ಅಂಗಡ್ಯಾಗ
ತೂಕದ ಮ್ಯಾಲೆ ಕೊಟ್ಟ ಮೈನೋದ್ದೀನ:
ಎರಡು ಕರ್ಣಾ, ಮೂವತ್ತೊಂದು ಕಿಲೋ,
ಒಳಗಿನ ಕಣಜದ ಗೂಡು ಸೇರಿ.
"ಗೂಡಿನ ತೂಕ ಕಳಿಯೋ" ಅಂದೆ.
"ಮಣ್ಣಿಗೆ ರೊಕ್ಕ ತಗೊಂಡರ ಹೆಂಗ" ಅಂತ
ಅರ್ಧಾ ಕಿಲೋ ಬಿಟ್ಟ.

ಅಕ್ಕಲಕೋಟ ಹಾದಿಯ ತಂಬುವಿನ ಟಾಕೀಜಿನವು.
ತಂಬು ಹೋಗಿ ಗೋದಾಮು ಬಂತು, ಗೋದಾಮು ಹೋಗಿ ಬಯಲಾತು.
ಇವೆರಡು ಮಾತ್ರ ಬಾಯಿ ತೆಗೆದದ್ದು ತೆಗೆದಂಗ
ಯಾರದೋ ಮಾತಿನ ನಡುವ ನಿಂತುಬಿಟ್ಟಿದ್ದವು.

ನನ್ನ ಕಸುಬು ಮೋಟಾರ ಸುತ್ತೂದು.
ಮಗ್ಗದ ಮೋಟಾರ ಸುಟ್ಟರ
ಹಳೇ ತಾಮ್ರ ಬಿಚ್ಚಿ ಹೊಸಾ ತಾಮ್ರ ಸುತ್ತತೀನಿ.
ಅದು ಹೊಟ್ಟಿಗೆ.
ಇದಕ್ಕ ನಾ ಹೆಸರು ಇಟ್ಟಿಲ್ಲ,
ಶಾವಂತ್ರಿ ಇಟ್ಟಾಳ: ಹುಚ್ಚರ ಸಂತಿ.

ಗಂಟಲದ ತಿರುಪು ಬಿಚ್ಚಲಿಕ್ಕೇ ಮೂರು ರವಿವಾರ,
ಸೀಮೆಎಣ್ಣಿ, ಉಸುಕಿನ ಕಾಗದ, ಬೈಗಳ.
ಒಳಗ, ಅಂಗೈಕಿಂತ ಸಣ್ಣ ಜಾಗದಾಗ
ಹರಿದ ಪೊರಿ, ಉಳ್ಳಾಗಡ್ಡಿ ಸಿಪ್ಪಿಯ ಬಣ್ಣದ್ದು.
ಇಷ್ಟ ಸಣ್ಣ ನಡುಕ
ಆರುನೂರು ಮಂದೀನ ಅಳಸತಿತ್ತ?
ನಡುಕ ಸಣ್ಣದ.
ಅದಕ್ಕ ಹಾದಿ ಅಗಲ ಮಾಡಿ ಕೊಡೂದಷ್ಟ
ತಗಡಿನ ಕೆಲಸ.

ಕೂದಲಿನಂಥಾ ತಂತಿ. ಉಸಿರು ಬಿಗಿಹಿಡಿದು ಎಣಿಸಿದೆ.
ಐವತ್ತೆರಡಕ್ಕ ಅಂಬುಬಾಯಿ ಬಾಗಿಲು ಬಡಿದಳು,
ಒಂದು ವಾಟಿ ಸಕ್ಕರಿ.
ಕೊಟ್ಟು ಬಂದು ಮತ್ತ ಒಂದರಿಂದ.

ಎಡಕ್ಕ ಹಳೇ ಪೊರಿ, ತೇಪಿ ಹಚ್ಚಿದ್ದು.
ಬಲಕ್ಕ ಪುಣೆಯಿಂದ ತರಿಸಿದ ಟೈಟೇನಿಯಂ.
ಒಂದಕ್ಕೇ ರೊಕ್ಕ ಮುಗೀತು.
ತಂಗಿ ಮಗಳು ಪ್ರಾಜಕ್ತಾ ಮೊಬೈಲಿನಾಗ ಗೆರಿ ತೋರಿಸಿದಳು:
"ಮಾಮಾ, ಇಲ್ಲಿ ಗುಡ್ಡ, ಇಲ್ಲಿ ತಗ್ಗು,
ಎಡಗಡೇದು ಮೂಗಿಲೆ ಮಾತಾಡತೈತಿ."
ಆಡಲಿ ಬಿಡು. ನಾನೂ ಹಂಗ ಆಡತೀನಿ.

ರಿಕಾರ್ಡು ಹಚ್ಚಿದರ
ಹಾಡಾಕಿ ನಡುವ ನಿಲ್ಲವಲ್ಲಳು.
ಮ್ಯಾಲಿನ ಸ್ವರಕ್ಕ ಬಲಕ್ಕ ಓಡತಾಳ,
ಇಳಿದರ ಎಡಕ್ಕ ಬರತಾಳ,
ಸೆರಗು ಸಿಗಿಸಿ ಎರಡು ಮನಿ ಮುಸುರಿ ತಿಕ್ಕಾಕಿಯಂಗ.
ಹೊಸದರಾಗ ಸಾರಂಗಿಯವನ ಕೆಮ್ಮು ಸುದ್ದಾ ಬಿದ್ದೈತಿ.
ಹಳೇದು ಅದನ್ನ ಇಷ್ಟು ವರ್ಷ ಮುಚ್ಚಿಟ್ಟಿತ್ತು,
ದೊಡ್ಡವರ ಮನಿ ಆಳಿನಂಗ.

ಹೋದ ಗುರುವಾರ ತಂತಿ ತಪ್ಪಿತು.
ಚಷ್ಮಾ ಇರಲಿಲ್ಲ. ದನಿ ಹೊರಬೀಳೋ ತೂತಿಗಲ್ಲ,
ಒಳಹೋಗೋ ತೂತಿಗೆ ಎಡಗಡೇದು ಜೋಡಿಸಿದೆ.
ಕಿಡಕಿಗೆ ಮಾರಿ ಮಾಡಿ ಕೂತದ್ದು
ಕೇಳಲಿಕ್ಕೆ ಶುರು ಮಾಡಿತು.

ಬಲಗಡೇದರಾಗ ಮೊದಲು ಗಾಳಿ.
ಆಮ್ಯಾಲೆ ಓಣಿ ಕಡೀ ಮನಿ ಮಗ್ಗ, ಖಟಕ್ ಖಟಕ್.
ಆಮ್ಯಾಲೆ ಎಲಿ ಕತ್ತರಿಸೋ ಸಪ್ಪಳ,
ದಾರ ಸುತ್ತೋ ಸಪ್ಪಳ,
ಅಂಬುಬಾಯಿ ಬೀಡಿ ಕಟ್ಟು ಎಣಿಸತಿದ್ದಳು ತನ್ನ ತೆಲುಗಿನಾಗ:
ಇರವೈ ಮೂಡು, ಇರವೈ ನಾಲುಗು…
ಉಸಿರು ಬಿಗಿಹಿಡಿದು ಕೂತೆ,
ಎಲ್ಲಿ ನನ್ನ ಖುರ್ಚಿ ಕಿರ್ ಅಂತತೋ,
ಎಲ್ಲಿ ಆಕಿ ಲೆಕ್ಕ ತಪ್ಪತತೋ ಅಂತ.

ಮರಾಠಿಯೊಳಗ ಕರ್ಣಾ ಅಂದರ ಊದೂದು, ಒದರೂದು.
ನಮ್ಮ ಭಾಷಾದಾಗ ಕರ್ಣ ಅಂದರ ಕಿವಿ.
ಪಾಪ, ಇಷ್ಟು ವರ್ಷ
ಒಂದ ಭಾಷಾದಾಗ ದುಡಿದಿತ್ತು.

ಮರುದಿನ ಸಂಜಿಗೆ ಹೋಗಿ ಹೇಳಿಬಿಟ್ಟೆ,
ಹಿಂಗಿಂಗ ಕೇಳಿಸಿಕೊಂಡೆ, ತಪ್ಪಾತು ಅಂತ.
ಆಕಿ ನಗಲೂ ಇಲ್ಲ, ಬೈಯಲೂ ಇಲ್ಲ.
ಮಡಿಲಾಗಿನ ಎಲಿ ಚೂರು ಝಾಡಿಸಿ ಎದ್ದಳು.
"ಕಡೀ ಕಟ್ಟಿನಾಗ ಒಂದು ಕಡಿಮಿ ಅಂತ
ಕಾರಖಾನ್ಯಾಗ ಇವತ್ತ ಪಗಾರ ಹಿಡಿದರು.
ಖರೇ ಹೇಳು, ಎಷ್ಟಕ್ಕ ನಿಲ್ಲಿಸಿದ್ದೆ ನಾ?"

ಇರವೈ ಐದು, ಅಂದೆ.